‘ಈಗಿನ ಹುಡುಗರಿಗೆ ಧರ್ಮ ಯಾಕೆ ಬೇಡ?’ ಅಂತ ಕೇಳುವವರಿಗೆ

ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಇದು ಗೊತ್ತಾದ ತಕ್ಷಣ ಜನ ಕುರ್ಚಿ ಹತ್ತಿರ ಎಳೆದುಕೊಂಡು ಕೇಳುವುದು ಒಂದೇ ಪ್ರಶ್ನೆ: ‘ಈಗಿನ ಹುಡುಗರು ಧರ್ಮದಿಂದ ದೂರ ಹೋಗ್ತಿದ್ದಾರಲ್ಲ, ಯಾಕೆ?’ ಹುಡುಗರಿಗೆ ಏನೋ ಕಾಯಿಲೆ ಬಂದಿದೆ, ಮಾತ್ರೆ ನನ್ನ ಜೇಬಲ್ಲಿದೆ ಅನ್ನುವ ಧಾಟಿ. ಮೊದಲೆಲ್ಲ ಸಮಾಧಾನವಾಗಿ ಉತ್ತರ ಕೊಡುತ್ತಿದ್ದೆ. ಈಗ ಸಾಕಾಗಿದೆ. ಬರೆದೇ ಬಿಡುತ್ತೇನೆ.

‘ಎಲ್ಲಾ ಕಡೆ ಹೀಗೇ’ ಅನ್ನುವುದು ಮೊದಲನೇ ಸುಳ್ಳು. ಜನರ ಅಭಿಪ್ರಾಯ ಸಮೀಕ್ಷೆ ಮಾಡುವ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2018ರಲ್ಲಿ 106 ದೇಶಗಳ ಲೆಕ್ಕ ಕೊಟ್ಟಿತು. ‘ಧರ್ಮ ನನಗೆ ತುಂಬಾ ಮುಖ್ಯ’ ಅನ್ನುವವರು ಹಿರಿಯರಿಗಿಂತ ನಲವತ್ತರೊಳಗಿನವರಲ್ಲಿ ಕಮ್ಮಿ ಇದ್ದದ್ದು 46 ದೇಶಗಳಲ್ಲಿ. ಜಾರ್ಜಿಯಾ, ಘಾನಾ ಎರಡರಲ್ಲಿ ಉಲ್ಟಾ. ಉಳಿದ ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಹಾಗಂತ ಇಳಿಕೆ ಸುಳ್ಳಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯಲ್ಲಿ ‘ಯಾವ ಧರ್ಮವೂ ಇಲ್ಲ’ ಅಂತ ಬರೆಸಿದವರು 2011ರಲ್ಲಿ ನೂರಕ್ಕೆ 25, 2021ರಲ್ಲಿ 37. ಅಮೆರಿಕದಲ್ಲಿ ಇಂಥವರು 2007ರಲ್ಲಿ ನೂರಕ್ಕೆ 16 ಇದ್ದರು, 2023-24ರ ಹೊತ್ತಿಗೆ 29 ಆದರು. ಅಲ್ಲೂ ಈಚಿನ ಕೆಲವು ವರ್ಷಗಳಲ್ಲಿ ಏರಿಕೆ ನಿಂತ ಹಾಗಿದೆ. ಇನ್ನೊಂದು ಮಾತು: ಅಮೆರಿಕದ ಈ ಜನರಲ್ಲಿ ಹೆಚ್ಚಿನವರು ದೇವರನ್ನೋ ಯಾವುದೋ ಒಂದು ಶಕ್ತಿಯನ್ನೋ ನಂಬುತ್ತಾರೆ. ಅವರು ಬಿಟ್ಟಿರುವುದು ಸಂಸ್ಥೆಯನ್ನು. ದೇವರನ್ನಲ್ಲ.

ಒಂದು ಸಮಾರಂಭದಲ್ಲಿ ನಿವೃತ್ತಿಯಾದ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿದ್ದರು. ಪ್ರಶ್ನೆ ಕೇಳಿ, ಉತ್ತರವನ್ನೂ ಅವರೇ ಕೊಟ್ಟರು. ಮೊಬೈಲ್, ಸಹವಾಸ, ಜಾಸ್ತಿ ಓದು. ಮಗ ಧರ್ಮದ ಮಾತೆತ್ತಿದರೆ ಎದ್ದು ಹೋಗುತ್ತಾನಂತೆ. ನಾನು ಸುಮ್ನೆ ಕೇಳಿದೆ: ‘ನೀವು ಪ್ರಾರ್ಥನೆಗೆ ಹೋಗ್ತಾ ಇರ್ತೀರಾ ಸರ್?’

‘ನಾನಾ? ಕೆಲಸದಲ್ಲಿದ್ದಾಗ ಟೈಮೇ ಸಿಗ್ತಿರಲಿಲ್ಲ. ಈಗ ಮಂಡಿನೋವು. ಮನಸ್ಸಲ್ಲೇ ನೆನೆಸ್ಕೊಳ್ತೀನಿ.’

‘ಮಗನೂ ಹಾಗೇ ಮಾಡ್ತಿರಬಹುದಲ್ವಾ?’

‘ಅವನದ್ದೇ ಬೇರೆ, ನನ್ನದೇ ಬೇರೆ ಕಣಪ್ಪಾ’ ಅಂದರು. ಆಮೇಲೆ ಊಟ ಮುಗಿಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಬೇರೆ ಏನಲ್ಲ ಸರ್, ಎರಡೂ ಒಂದೇ. ಡೇವಿಡ್ ವೋಸ್ ಮತ್ತು ಅಲಸ್ಡೇರ್ ಕ್ರಾಕೆಟ್ ಅನ್ನುವ ಇಬ್ಬರು ಸಂಶೋಧಕರು 2005ರಲ್ಲಿ ಬ್ರಿಟನ್ನಿನ ಮನೆಗಳ ಲೆಕ್ಕ ಹಾಕಿ ತೋರಿಸಿದ್ದಾರೆ. ಅಪ್ಪ ಅಮ್ಮ ಇಬ್ಬರೂ ಧರ್ಮ ಪಾಲಿಸುವವರಾದರೆ ಅದು ಮಕ್ಕಳಿಗೆ ದಾಟುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧಕ್ಕರ್ಧ. ಒಬ್ಬರೇ ಆದರೆ ಅದರಲ್ಲೂ ಅರ್ಧ. ಇಬ್ಬರೂ ಅಲ್ಲದಿದ್ದರೆ ಹೆಚ್ಚುಕಮ್ಮಿ ಸೊನ್ನೆ. ಅಂದರೆ ಧರ್ಮವಂತ ಹುಡುಗನೊಬ್ಬ ಒಂದು ಬೆಳಗ್ಗೆ ಎದ್ದು ಎಲ್ಲ ಬಿಟ್ಟುಬಿಡುವುದು ಅಪರೂಪ. ಅವನ ಕೈಗೆ ಅದು ಸರಿಯಾಗಿ ಬಂದೇ ಇರುವುದಿಲ್ಲ. ಅಜ್ಜಿ ವಾರವಾರ ಹೋಗುತ್ತಿದ್ದರು. ಅಪ್ಪ ವರ್ಷಕ್ಕೊಮ್ಮೆ ಹೋದ. ಮಗ ಹೋಗಲಿಲ್ಲ. ಸಿಕ್ಕಿಬಿದ್ದವನು ಮಾತ್ರ ಮಗ. ಮೊಬೈಲ್ ಪಾಪ ಏನು ಮಾಡೀತು? ಬ್ರಿಟನ್ನಿನಲ್ಲಿ ಚರ್ಚಿಗೆ ಹೋಗುವವರು 1960ರ ದಶಕದಲ್ಲೇ ಕಮ್ಮಿಯಾಗುತ್ತಿದ್ದರು.

ಹಾಗಂತ ಎಲ್ಲವನ್ನೂ ಅಪ್ಪಂದಿರ ತಲೆಗೆ ಕಟ್ಟುವುದಿಲ್ಲ. ಸಂಸ್ಥೆಗಳೂ ತಮ್ಮ ಪಾಲಿನ ಕೆಲಸ ಮಾಡಿವೆ. ಜರ್ಮನಿಯಲ್ಲಿ ಚರ್ಚಿನ ಸದಸ್ಯರ ಆದಾಯ ತೆರಿಗೆಯ ಮೇಲೆ ನೂರಕ್ಕೆ 8 ಅಥವಾ 9ರಷ್ಟು ಚರ್ಚ್ ತೆರಿಗೆ ಬೀಳುತ್ತದೆ. ಬೇಡ ಅಂದರೆ ಸರ್ಕಾರಿ ಕಚೇರಿಗೆ ಹೋಗಿ ‘ನಾನು ಬಿಟ್ಟೆ’ ಅಂತ ಅಧಿಕೃತವಾಗಿ ಹೇಳಬೇಕು. 2022 ಒಂದೇ ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಕ್ಯಾಥೊಲಿಕ್ಕರು ಹಾಗೆ ಹೊರಬಂದರು. ತೆರಿಗೆ ಉಳಿಸುವ ಲೆಕ್ಕಾಚಾರ ಇರಲಿಲ್ಲ ಅನ್ನುತ್ತಿಲ್ಲ. ಆದರೆ ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ದೌರ್ಜನ್ಯ, ಅದನ್ನು ಮೇಲಿನವರು ಮುಚ್ಚಿಟ್ಟದ್ದು, ಈ ವರದಿಗಳು ಒಂದರ ಹಿಂದೆ ಒಂದು ಬರುತ್ತಿದ್ದ ಕಾಲ ಅದು. ಇಪ್ಪತ್ತರ ಹುಡುಗಿ ಅದನ್ನೆಲ್ಲ ಓದಿ ಹೊರಗೆ ನಡೆದರೆ ‘ಸಂಸ್ಕಾರ ಇಲ್ಲ’ ಅನ್ನುತ್ತೀರಾ? ನನಗಂತೂ ಸಂಸ್ಕಾರ ಇರುವುದಕ್ಕೇ ಹೊರಗೆ ಬಂದಳು ಅನ್ನಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ‘ಹಾಗಾದ್ರೆ ಬಿಟ್ಟದ್ದೇ ಒಳ್ಳೇದಾಯ್ತು ಅಂತೀರಾ?’ ಅಂತ ತಿರುಗಿ ಬೀಳುತ್ತಾರೆ. ಅಂದೆನಾ? ಬಿಟ್ಟವರು ಬಿಟ್ಟರು, ಆಮೇಲೆ ಅವರ ಕಷ್ಟಕಾಲಕ್ಕೆ ಯಾರು ಬರುತ್ತಾರೆ ಅಂತ ಯಾಕೆ ಯಾರೂ ಕೇಳುವುದಿಲ್ಲ? ಕೇಳಿದ್ದರೆ ನಾನೂ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಿದ್ದೆ.

ನನ್ನ ಗೆಳೆಯನ ತಂದೆ ತೀರಿಕೊಂಡಾಗ ನಾವು ಅವನ ಸ್ನೇಹಿತರೆಲ್ಲ ಬೆಳಗಾಗುವ ಮೊದಲೇ ಹೋದೆವು. ಎಲ್ಲರೂ ಓದಿದವರು, ಯಾರೂ ಯಾವ ಪ್ರಾರ್ಥನೆಗೂ ಹೋಗದವರು. ಗೋಡೆಗೆ ಒರಗಿ ಮೊಬೈಲ್ ಹಿಡಿದು ನಿಂತೆವು. ಏನು ಮಾಡಬೇಕು, ಯಾರಿಗೆ ಮೊದಲು ಹೇಳಬೇಕು, ಒಬ್ಬರಿಗೂ ತಿಳಿಯದು. ಅಷ್ಟರಲ್ಲಿ ಅವನ ತಂದೆಯ ಜೊತೆ ಪ್ರಾರ್ಥನೆಗೆ ಹೋಗುತ್ತಿದ್ದ ನಾಲ್ಕೈದು ಜನ ಬಂದರು. ಒಬ್ಬರ ಕೈಯಲ್ಲಿ ಚೀಟಿ. ಡಾಕ್ಟರ ಸರ್ಟಿಫಿಕೇಟ್ ಯಾರು ತರುವುದು, ದೂರದ ನೆಂಟರಿಗೆ ಯಾರು ಫೋನ್ ಮಾಡುವುದು, ತಾಯಿಯ ಪಕ್ಕ ಯಾರು ಕೂರುವುದು, ಎಲ್ಲ ಅದರಲ್ಲಿತ್ತು. ನನ್ನನ್ನು ನೋಡಿ ‘ನೀವು ಕುರ್ಚಿ ಹಾಕಿ’ ಅಂದರು. ಹಾಕಿದೆ. ಅವರಿಗೆ ನನ್ನ ನಂಬಿಕೆ ಕಟ್ಟಿಕೊಂಡು ಏನಾಗಬೇಕು? ಕುರ್ಚಿ ಸಾಕಾಗಿತ್ತು.

ಇದನ್ನು ಹೊಸದಾಗಿ ಕಟ್ಟಲು ನೋಡಿದವರೂ ಇದ್ದಾರೆ. 2013ರಲ್ಲಿ ಲಂಡನ್ನಿನಲ್ಲಿ ಇಬ್ಬರು ಹಾಸ್ಯ ಕಲಾವಿದರು ‘ಸಂಡೇ ಅಸೆಂಬ್ಲಿ’ ಶುರುಮಾಡಿದರು. ಹಾಡು, ಮಾತು, ಆಮೇಲೆ ಚಹಾ, ದೇವರು ಮಾತ್ರ ಇಲ್ಲ. ಹತ್ತಾರು ಊರುಗಳಿಗೆ ಬೇಗ ಹಬ್ಬಿತು. ಆಮೇಲೆ ಎಷ್ಟೋ ಕಡೆ ನಿಂತೂ ಹೋಯಿತು. ಖುಷಿಗೆ ಬರುವವರು ಬೇಕಾದಷ್ಟು ಸಿಗುತ್ತಾರೆ. ಬೇಜಾರಾದಾಗಲೂ ಬರಲೇಬೇಕು ಅನ್ನುವ ಕಟ್ಟುಪಾಡು ತರುವುದು ಕಷ್ಟ.

ಮೊನ್ನೆ ಕ್ಲಾಸಿನಲ್ಲೂ ಇದನ್ನೇ ಕೇಳಿದೆ: ರಾತ್ರಿ ಮೂರು ಗಂಟೆಗೆ ನಿಮ್ಮ ಮನೆಗೆ ಯಾರು ಓಡಿ ಬರುತ್ತಾರೆ? ‘ನಮ್ಮದು ವಾಟ್ಸಾಪ್ ಗ್ರೂಪ್ ಇದೆ ಸರ್’ ಅಂದಳು ಒಬ್ಬಳು. ಅದರಲ್ಲಿ ಬರುವವರು ಎಷ್ಟು ಜನ ಅಂದೆ. ಸ್ವಲ್ಪ ಯೋಚಿಸಿ ‘ಅಡ್ಮಿನ್ ಬರಬಹುದು’ ಅಂದಳು.

ಆ ಗ್ರೂಪಿಗೆ ಅಡ್ಮಿನ್ ಅವಳೇ ಅಂತೆ.