ಹೊರಗೆ 42, ಒಳಗೆ 37

ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮಧ್ಯಾಹ್ನ 2 ಗಂಟೆ, ಮೊಬೈಲಿನಲ್ಲಿ 42 ಡಿಗ್ರಿ. ಮನೆಗೆ ಬಂದವನೇ ಸುಮ್ಮನೆ ಕುತೂಹಲಕ್ಕೆ ನಾಲಿಗೆಯಡಿ ಥರ್ಮಾಮೀಟರ್ ಇಟ್ಟುಕೊಂಡೆ. 37ರ ಆಸುಪಾಸು, ಅಷ್ಟೇ!

ಮಿದುಳಿನ ಬುಡದಲ್ಲಿ ಮೈಯ ಬಿಸಿಯನ್ನು ಹದದಲ್ಲಿಡುವ, ಬಾದಾಮಿ ಗಾತ್ರದ ಹೈಪೋಥಲಾಮಸ್ ಕೂತಿದೆಯಲ್ಲ, ನಾನು ಆಟೋದವನ ಜತೆ ಚೌಕಾಸಿ ಮಾಡುವಾಗಲೂ ಅದು ತನ್ನ ಪಾಡಿಗೆ ಕೆಲಸ ನಡೆಸಿತ್ತು. ಚರ್ಮದ ರಕ್ತನಾಳಗಳು ಹಿಗ್ಗಿದವು, ಬೆವರು ಬಂತು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊತ್ತೊಯ್ಯುತ್ತದೆ. ಆರಬೇಕು, ಅದೇ ಮುಖ್ಯ. ಸುಮ್ಮನೆ ಇಳಿದು ಹೋದರೆ ಉಪಯೋಗವಿಲ್ಲ. ಮಂಗಳೂರಿನಲ್ಲಿದ್ದಾಗ 34 ಡಿಗ್ರಿಗೇ ಜೀವ ಹೋದಂತಾಗುತ್ತಿದ್ದುದು ಇದಕ್ಕೇ. ಅಲ್ಲಿನ ತೇವದ ಗಾಳಿ ಬೆವರನ್ನು ಹೀರುವುದೇ ಇಲ್ಲ. ಇಲ್ಲಿ ಬ್ಯಾಗು ಹೊತ್ತ ಬೆನ್ನಷ್ಟೇ ಒದ್ದೆ. ಉಳಿದೆಡೆ ಬೆವರು ಬಂದದ್ದೂ ಗೊತ್ತಾಗಲಿಲ್ಲ, ತೋಳ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ.

ಅತ್ತ ಕಿಡ್ನಿಗಳು ನೀರು ಉಳಿಸಲು ಕೂತಿವೆ. ಮೂತ್ರದ ಬಣ್ಣ ನೋಡಿದರೆ ಸಾಕು, ಅವುಗಳ ಜಿಪುಣತನ ತಿಳಿಯುತ್ತದೆ.

ಅವ್ವ ದೊಡ್ಡ ಲೋಟದ ತುಂಬ ಮಜ್ಜಿಗೆ ತಂದಿಟ್ಟಳು. "ಉಪ್ಪು ಜಾಸ್ತಿ ಹಾಕೀನಿ, ಸುಮ್ನ ಕುಡಿ."

ಎರಡನೇ ಲೋಟ ನಡೆದಿದೆ.