ಎರಡು ಮೈಕು, ಒಂದು ಕ್ಯಾಸೆಟ್ಟು

ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡು ‘ಬಾರ್ನ್ ಇನ್ ದ ಯುಎಸ್‌ಎ’ಯನ್ನು ಪೂರ್ತಿ ಬ್ಯಾಂಡಿನ ರೂಪದಲ್ಲಿ ಮೊದಲು ಕೇಳಿದವರು ಅದನ್ನು ದೇಶಪ್ರೇಮದ ಹಾಡೆಂದುಕೊಂಡು ದಾರಿ ತಪ್ಪಿದರೆ ಅವರನ್ನಷ್ಟೇ ದೂರುವಂತಿಲ್ಲ. ಸಿಂಥಸೈಜರ್‌ನ ಒಂದೇ ತುಣುಕು ಕೊನೆತನಕ ಮೊಳಗುತ್ತದೆ. ಸ್ನೇರ್ ಡ್ರಮ್ಮಿನ ಪೆಟ್ಟು ಫಿರಂಗಿಯಂತೆ. ಆ ಅಬ್ಬರದಲ್ಲಿ ಕಿವಿಗೆ ಉಳಿಯುವುದು ಪಲ್ಲವಿ ಮಾತ್ರ. ವಿಯೆಟ್ನಾಂನಿಂದ ಮರಳಿ ಬಂದರೂ ಕೆಲಸ ಸಿಗದ ಸೈನಿಕ, ಅಲ್ಲಿನ ರಣಾಂಗಣ ಖೆ ಸಾನ್‌ನಲ್ಲಿ ಕಳೆದುಹೋದ ಸೋದರ, ಇವರೆಲ್ಲ ಇರುವುದು ಚರಣಗಳಲ್ಲಿ. 1984ರ ಸೆಪ್ಟೆಂಬರ್ 19ರಂದು ನ್ಯೂಜೆರ್ಸಿಯ ಹ್ಯಾಮಂಟನ್‌ನ ಚುನಾವಣಾ ಸಭೆಯಲ್ಲಿ ಅಂದಿನ ಅಧ್ಯಕ್ಷ ರೊನಾಲ್ಡ್ ರೇಗನ್ ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆಯ ಸಂದೇಶ ಕಂಡರು!

ಆ ಹಾಡು ಅದಕ್ಕೂ ಮೊದಲೇ, ಬ್ಯಾಂಡಿಲ್ಲದೆ, ಬರೀ ಗಿಟಾರಿನೊಂದಿಗೆ ಟೇಪಿಗೆ ಇಳಿದಿತ್ತು. 1982ರ ಜನವರಿಯ ಆರಂಭ, ಕೋಲ್ಟ್ಸ್ ನೆಕ್‌ನ ಸ್ಪ್ರಿಂಗ್‌ಸ್ಟೀನ್ ಮನೆಯ ಮಲಗುವ ಕೋಣೆ. ಟಿಯಾಕ್ 144 ಎಂಬ ನಾಲ್ಕು ಟ್ರ್ಯಾಕಿನ (ನಾಲ್ಕು ದನಿಗಳನ್ನು ಬೇರೆಬೇರೆಯಾಗಿ ಮುದ್ರಿಸುವ) ಕ್ಯಾಸೆಟ್ ಯಂತ್ರ, ಎರಡು ಶ್ಯೂರ್ ಎಸ್‌ಎಂ57 ಮೈಕು. ಗಿಟಾರು, ದನಿ ಒಟ್ಟಿಗೆ; ಉಳಿದ ಎರಡು ಟ್ರ್ಯಾಕಿನಲ್ಲಿ ಬೇಕಿದ್ದರೆ ಹಾರ್ಮೋನಿಕವೋ ಇನ್ನೊಂದು ದನಿಯೋ. ಎಕೋಪ್ಲೆಕ್ಸ್ ಎಂಬ ಉಪಕರಣದ ಪ್ರತಿಧ್ವನಿ ಬೆರೆಸಿ ಪ್ಯಾನಸೋನಿಕ್ ಬೂಮ್‌ಬಾಕ್ಸ್‌ಗೆ ಇಳಿಸಿದರು. ಇದೇ ಟೇಪು ‘ನೆಬ್ರಾಸ್ಕ’ ಆಲ್ಬಮ್ ಆಯಿತು. ಅದನ್ನು ಎಲ್‌ಪಿಗೆ ಕೊರೆಯಲು ಹೋದಾಗ ಸೂಜಿ ನಿಲ್ಲದೆ ಒದ್ದಾಡಿತು, ಕಡೆಗೆ ತೀರ ತಗ್ಗಿದ ಮಟ್ಟದಲ್ಲಿ ಕೊರೆಯಬೇಕಾಯಿತು. ‘ಬಾರ್ನ್ ಇನ್ ದ ಯುಎಸ್‌ಎ’ಯ ಈ ಡೆಮೊ (ಕಚ್ಚಾ ಮುದ್ರಣ) ಮಾತ್ರ ಆಲ್ಬಮ್ಮಿನ ಹೊರಗೆ ಉಳಿದು, 1998ರ ‘ಟ್ರ್ಯಾಕ್ಸ್’ ಸಂಕಲನದಲ್ಲಿ ಹೊರಬಂತು. ಅಲ್ಲಿ ಪಲ್ಲವಿ ಗೊಣಗಾಟದ ಹಾಗಿದೆ.

ಇಂಥ ಧ್ವನಿಮುದ್ರಣ ಸುಲಭ ಎಂದುಕೊಂಡವರು ಮೊದಲು ಎಡವುವುದು ಮೈಕ್ ಇಡುವಲ್ಲಿ. ಗಿಟಾರಿನ ರಂಧ್ರದ ನೇರಕ್ಕೆ ಇಟ್ಟರೆ ಮಂದ್ರ ಉಬ್ಬಿ ಮಾತು ಮುಳುಗುತ್ತದೆ. ಗಿಟಾರಿನ ಕತ್ತಿನ ಹನ್ನೆರಡನೇ ಫ್ರೆಟ್ (ಲೋಹದ ಅಡ್ಡಪಟ್ಟಿ) ಕಡೆಗೆ ತಿರುಗಿಸಿ, 20 ಸೆಂಟಿಮೀಟರ್ ದೂರದಲ್ಲಿಡಿ. ದನಿಗೆ 10ರಿಂದ 15 ಸಾಕು. ಇನ್ನೂ ಹತ್ತಿರವಾದರೆ ದನಿಯೂ ದಪ್ಪವಾಗುತ್ತದೆ. ಮುದ್ರಣದ ಮಟ್ಟ ಕಡಿಮೆಯಾದರೆ ಟೇಪಿನ ಹಿಸ್ (ಸುಯ್ಯೆನ್ನುವ ಸದ್ದು) ಮೇಲೇಳುತ್ತದೆ, ಹೆಚ್ಚಾದರೆ ದನಿ ಒಡೆಯುತ್ತದೆ. ಇನ್ನೊಂದು ಎಚ್ಚರಿಕೆ: 144 ಕ್ಯಾಸೆಟ್ಟನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ, ಎರಡೂ ಮಗ್ಗುಲನ್ನು ಒಂದೇ ದಿಕ್ಕಿಗೆ ಬಳಸುತ್ತದೆ. ಮಿಶ್ರ ಮಾಡದ ಆ ಕ್ಯಾಸೆಟ್ಟನ್ನು ಮಾಮೂಲು ಪ್ಲೇಯರ್‌ಗೆ ಹಾಕಿದರೆ ಹಾಡು ತೆವಳುತ್ತದೆ. ಮಗುಚಿ ಹಾಕಿದರೆ ಹಿಂದುಮುಂದಾಗುತ್ತದೆ.

ಹಾಗಂತ ಬರೀ ಗಿಟಾರು ಅರ್ಥಕ್ಕೆ ಕಾವಲಲ್ಲ. ಅಮೆರಿಕದ ಜನಪದ ಗಾಯಕ ವುಡಿ ಗತ್ರಿ 1940ರ ಫೆಬ್ರುವರಿಯಲ್ಲಿ ಬರೆದ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ನಲ್ಲಿ ಬ್ಯಾಂಡೇ ಇರಲಿಲ್ಲ. ಖಾಸಗಿ ಸ್ವತ್ತಿನ ಬೇಲಿಯನ್ನು ಕೆಣಕುವ ಚರಣವನ್ನು ಬಿಟ್ಟು ಹಾಡಿದ್ದೇ ತಡ, ಅದು ಶಾಲಾಮಕ್ಕಳ ದೇಶಗೀತೆಯಾಯಿತು.

ಬ್ಯಾಂಡಿನ ರೂಪವನ್ನು ತಳ್ಳಿಹಾಕುವುದೂ ಸರಿಯಲ್ಲ. ಡೆಮೊದಲ್ಲಿ ಸಂಕಟವಿದೆ; ಹೆಮ್ಮೆಯೂ ಸಿಟ್ಟೂ ಒಂದೇ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಬ್ಯಾಂಡಿನಲ್ಲೇ. ಮೊದಲು ಡೆಮೊ, ಆಮೇಲೆ ಬ್ಯಾಂಡು ಕೇಳಿ, ನಡುವೆ ವಾಲ್ಯೂಮ್ ಮುಟ್ಟಬೇಡಿ. ಆಗ ಡ್ರಮ್ಮಿನ ಹಿಂದೆಯೂ ಚರಣಗಳು ಕೇಳಿಸುತ್ತವೆ.