ಗನ್ ಆಮೇಲೆ ಕೊಳ್ಳಿ, ಮೊದಲು ಗಾಳಿಯ ಲೆಕ್ಕ ಹಾಕಿ

ಹಳೆ ಗೇಟು, ಬೈಕಿನ ಫ್ರೇಮು, ಕಬ್ಬಿಣದ ಕುರ್ಚಿಗಳ ಬಣ್ಣ ಮತ್ತು ತುಕ್ಕನ್ನು ಮನೆಯಲ್ಲೇ ತೆಗೆಯಲು ಹೊರಟವರು ಹೆಚ್ಚಾಗಿ ಮೊದಲು ಸ್ಯಾಂಡ್‌ಬ್ಲಾಸ್ಟಿಂಗ್ ಗನ್, ಅಂದರೆ ಒತ್ತಡದ ಗಾಳಿಯಲ್ಲಿ ಗಟ್ಟಿ ಕಣಗಳನ್ನು (ಗ್ರಿಟ್) ರಭಸವಾಗಿ ಹೊಡೆಯುವ ಗನ್ ಕೊಳ್ಳುತ್ತಾರೆ. ಅದನ್ನು ಇರುವ ಕಂಪ್ರೆಸರ್‌ಗೆ ಸಿಕ್ಕಿಸಿದರೆ ಒಂದು ನಿಮಿಷ ಚೆನ್ನಾಗಿ ಹೊಡೆಯುತ್ತದೆ, ಆಮೇಲೆ ಬರೀ ಬುಸ್ ಎನ್ನುತ್ತದೆ. ಗನ್ ಸರಿಯಾಗೇ ಇರುತ್ತದೆ, ಗಾಳಿ ಸಾಲದು ಅಷ್ಟೆ.

ಇಲ್ಲಿ ನೋಡಬೇಕಾದ ಸಂಖ್ಯೆ ಒತ್ತಡವಲ್ಲ. 90 ಪಿಎಸ್ಐ ಒತ್ತಡದಲ್ಲಿ ಕಂಪ್ರೆಸರ್ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಕೊಡುತ್ತದೆ, ಅಂದರೆ ಎಷ್ಟು ಸಿಎಫ್‌ಎಂ ಎಂಬುದೇ ಮುಖ್ಯ. ಪಿಸ್ಟನ್ ಕಂಪ್ರೆಸರ್‌ನಲ್ಲಿ ಒಂದು ಎಚ್‌ಪಿಗೆ ಸುಮಾರು 3.5 ಸಿಎಫ್‌ಎಂ ಎಂದು ಹಿಡಿಯಿರಿ. ಡಬ್ಬದ ಮೇಲೆ ಇದಕ್ಕಿಂತ ದೊಡ್ಡ ಸಂಖ್ಯೆ ಇದ್ದರೆ ಅದು ಪಿಸ್ಟನ್ ಒಳಗೆಳೆಯುವ ಗಾಳಿಯ ಲೆಕ್ಕ. ಹೊರಗೆ ಬರುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಇನ್ನು ನಾಜಲ್, ಅಂದರೆ ಗನ್ನಿನ ಬಾಯಿ: 2.4 ಮಿ.ಮೀ. ತೂತಿಗೆ ಸುಮಾರು 9 ಸಿಎಫ್‌ಎಂ ಬೇಕು, 3.2 ಮಿ.ಮೀ.ಗೆ ಸುಮಾರು 18, 4.8 ಮಿ.ಮೀ.ಗೆ 40ರ ಆಸುಪಾಸು. ತೂತಿನ ಅಗಲ ಎರಡರಷ್ಟಾದರೆ ಗಾಳಿಯ ಖರ್ಚು ನಾಲ್ಕರಷ್ಟಾಗುತ್ತದೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. 2 ಎಚ್‌ಪಿ ಕಂಪ್ರೆಸರ್, 200 ಲೀಟರ್ ಟ್ಯಾಂಕು. ಗಾಳಿಯ ಉತ್ಪತ್ತಿ 7 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಸುಮಾರು 200 ಲೀಟರ್. ಟ್ಯಾಂಕಿನ ಒತ್ತಡ 8 ಬಾರ್‌ನಿಂದ 6ಕ್ಕೆ (ಸುಮಾರು 90 ಪಿಎಸ್ಐ) ಇಳಿಯುವಷ್ಟರಲ್ಲಿ ನಮಗೆ ಸಿಗುವ ಹೆಚ್ಚುವರಿ ಗಾಳಿ 400 ಲೀಟರ್. 2.4 ಮಿ.ಮೀ. ನಾಜಲ್ ನಿಮಿಷಕ್ಕೆ 255 ಲೀಟರ್ ತಿನ್ನುತ್ತದೆ. ಕೊರತೆ 55 ಲೀಟರ್, ಆದ್ದರಿಂದ ಏಳು ನಿಮಿಷ ಹೊಡೆಯಬಹುದು. ಅದೇ ಕಂಪ್ರೆಸರ್‌ಗೆ 3.2 ಮಿ.ಮೀ. ಹಾಕಿದರೆ ಕೊರತೆ 310 ಲೀಟರ್. ಒಂದೂಕಾಲು ನಿಮಿಷಕ್ಕೆ ಆಟ ಮುಗಿಯಿತು. ಸೆರಾಮಿಕ್ ನಾಜಲ್ ಕೆಲವೇ ಗಂಟೆಗಳಲ್ಲಿ ಸವೆದು ಅಗಲವಾಗುತ್ತದೆ ಎಂಬುದನ್ನೂ ಇಲ್ಲಿಗೆ ಸೇರಿಸಿ: 3.2 ಇದ್ದದ್ದು 4 ಮಿ.ಮೀ. ಆದರೆ ಗಾಳಿಯ ಖರ್ಚು ಒಂದೂವರೆ ಪಟ್ಟು ದಾಟುತ್ತದೆ. ಕೆಲಸ ಜಾಸ್ತಿ ಇದ್ದರೆ ಟಂಗ್‌ಸ್ಟನ್ ಕಾರ್ಬೈಡ್ ನಾಜಲ್‌ಗೆ ಹಣ ಹಾಕಿ, ನೂರಾರು ಗಂಟೆ ಬರುತ್ತದೆ.

ಉಪಕರಣದಲ್ಲಿ ಮುಖ್ಯವಾಗಿ ಎರಡು ಬಗೆ. ಸಕ್ಷನ್ ಗನ್ ಗಾಳಿಯ ರಭಸದಿಂದಲೇ ಗ್ರಿಟ್ಟನ್ನು ಪೈಪಿನಿಂದ ಮೇಲಕ್ಕೆ ಎಳೆದುಕೊಳ್ಳುತ್ತದೆ. ಅದರ ಮುಂದಿನ ನಾಜಲ್ 6 ಮಿ.ಮೀ. ಇದೆ ಎಂದು ಗಾಬರಿಯಾಗಬೇಡಿ. ಗಾಳಿಯ ಖರ್ಚನ್ನು ನಿರ್ಧರಿಸುವುದು ಒಳಗೆ ಗಾಳಿ ಬಿಡುವ ಸಣ್ಣ ತೂತು, ಅಂದರೆ ಏರ್ ಜೆಟ್. ಕೊಳ್ಳುವಾಗ ಅದರ ಅಳತೆ ಕೇಳಿ. ಪ್ರೆಷರ್ ಪಾಟ್‌ನಲ್ಲಿ ಗ್ರಿಟ್ ತುಂಬಿದ ಟ್ಯಾಂಕಿಗೇ ಒತ್ತಡ ಕೊಡುವುದರಿಂದ ಕಣಗಳು ಹೆಚ್ಚು ವೇಗವಾಗಿ ಬರುತ್ತವೆ, ಅಷ್ಟೇ ಗಾಳಿಯಲ್ಲಿ ಮೂರು ನಾಲ್ಕು ಪಟ್ಟು ಕೆಲಸ ಸಾಗುತ್ತದೆ. ಗೇಟು, ಫ್ರೇಮುಗಳಿಗೆ ನಮ್ಮ ಆಯ್ಕೆ ಪಾಟ್. ಬೋಲ್ಟು, ಬ್ರಾಕೆಟ್‌ಗಳಂಥ ಸಣ್ಣ ಸಾಮಾನಿಗೆ ಸಕ್ಷನ್ ಗನ್ ಇರುವ ಕ್ಯಾಬಿನೆಟ್ (ಮುಚ್ಚಿದ ಪೆಟ್ಟಿಗೆ) ಸಾಕು, ಆದರೆ ಧೂಳು ಎಳೆಯುವ ವ್ಯವಸ್ಥೆ ಇಲ್ಲದಿದ್ದರೆ ಒಳಗೆ ಏನೂ ಕಾಣುವುದಿಲ್ಲ. ಪಾಟ್‌ಗೆ ಸೇಫ್ಟಿ ವಾಲ್ವ್ ಇರಲೇಬೇಕು, ಕೈ ಬಿಟ್ಟ ಕೂಡಲೇ ನಿಲ್ಲುವ ಹಿಡಿಕೆಯೂ ಬೇಕು. ಹಳೆ ಗ್ಯಾಸ್ ಸಿಲಿಂಡರ್ ಕತ್ತರಿಸಿ ಪಾಟ್ ಮಾಡುವ ಸಾಹಸಕ್ಕೆ ದಯವಿಟ್ಟು ಇಳಿಯಬೇಡಿ.

ಪಾಟ್ ಬಳಸುವ ಹೊಸಬರು ಗ್ರಿಟ್ ವಾಲ್ವನ್ನು ಪೂರ್ತಿ ತೆರೆದುಬಿಡುತ್ತಾರೆ. ಗ್ರಿಟ್ ಜಾಸ್ತಿಯಾದರೆ ಕಣಗಳ ವೇಗ ಕುಗ್ಗಿ ಕೆಲಸ ನಿಧಾನವಾಗುತ್ತದೆ. ವಾಲ್ವ್ ಮುಚ್ಚಿ ಶುರುಮಾಡಿ, ಸ್ವಲ್ಪ ಸ್ವಲ್ಪವೇ ತೆರೆಯಿರಿ. ನಾಜಲ್ ಮುಂದೆ ಧಾರೆ ತೆಳುವಾದ ಮಬ್ಬಿನಂತೆ ಕಾಣಬೇಕು, ಸದ್ದು ಒಂದೇ ಸಮ ಇರಬೇಕು. ಸದ್ದು ಏರಿಳಿಯುತ್ತಿದ್ದರೆ ಗ್ರಿಟ್ ಹೆಚ್ಚಾಗಿದೆ, ಇಲ್ಲವೇ ತೇವ ಸೇರಿದೆ.

ತೇವವೇ ದೊಡ್ಡ ಕಾಟ. ಕಂಪ್ರೆಸರ್‌ನಿಂದ ಬಿಸಿಯಾಗಿ ಹೊರಟ ಗಾಳಿ ದಾರಿಯಲ್ಲಿ ತಣ್ಣಗಾದಾಗ ನೀರು ಬಿಡುತ್ತದೆ, ಗ್ರಿಟ್ ಉಂಡೆಗಟ್ಟಿ ನಾಜಲ್ ಕಟ್ಟಿಕೊಳ್ಳುತ್ತದೆ. ನೀರು ಹಿಡಿದಿಡುವ ವಾಟರ್ ಟ್ರ್ಯಾಪನ್ನು ಕಂಪ್ರೆಸರ್ ಬುಡದಲ್ಲೇ ಹಾಕಿದರೆ ನೀರು ಇನ್ನೂ ಆವಿಯಾಗಿರುವುದರಿಂದ ಹಾಗೇ ದಾಟಿಹೋಗುತ್ತದೆ. ಏಳೆಂಟು ಮೀಟರ್ ಪೈಪ್ ಆದಮೇಲೆ, ಪಾಟ್‌ಗೆ ಹತ್ತಿರದಲ್ಲಿ ಹಾಕಿ. ಗಾಳಿಯ ಹೋಸ್ ಒಳಗಡೆ ಕನಿಷ್ಠ 12 ಮಿ.ಮೀ. ಇರಲಿ, ಒತ್ತಡವನ್ನು ಹೊಡೆಯುತ್ತಿರುವಾಗಲೇ ಗೇಜ್ ನೋಡಿ ಹೊಂದಿಸಿ.

ಹೆಸರಲ್ಲಿ ಸ್ಯಾಂಡ್ ಇದ್ದರೂ ಮರಳು ಮಾತ್ರ ಬೇಡವೇ ಬೇಡ. ಒಡೆದ ಮರಳಿನ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ, ಬಂದರೆ ವಾಸಿಯಾಗುವುದಿಲ್ಲ. ಸ್ಫಟಿಕ ರೂಪದ ಸಿಲಿಕಾ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಗಟ್ಟಿ ತುಕ್ಕಿಗೆ ಗಾರ್ನೆಟ್ ಎಂಬ ಖನಿಜದ ಪುಡಿ ಅಥವಾ ಅಲ್ಯೂಮಿನಿಯಂ ಆಕ್ಸೈಡ್ ಬಳಸಿ. ಎರಡನೆಯದನ್ನು ಜರಡಿ ಹಿಡಿದು ಹಲವು ಸಲ ಮತ್ತೆ ಬಳಸಬಹುದು. ಗ್ಲಾಸ್ ಬೀಡ್ (ಗಾಜಿನ ಸಣ್ಣ ಮಣಿ) ಹೊಳಪು ಕೊಡುತ್ತದೆಯೇ ಹೊರತು ದಪ್ಪ ತುಕ್ಕನ್ನು ಕೀಳುವುದಿಲ್ಲ. ಅಡುಗೆ ಸೋಡಾದ ಪುಡಿ ಬಣ್ಣ ಬಿಡಿಸುತ್ತದೆ, ತುಕ್ಕಿಗೆ ನಾಟುವುದಿಲ್ಲ, ತೊಳೆಯದೆ ಬಿಟ್ಟರೆ ಹೊಸ ಬಣ್ಣ ಹಿಡಿಯುವುದೂ ಇಲ್ಲ.

ಯಾವ ಗ್ರಿಟ್ ಬಳಸಿದರೂ, ಹಾರುವ ಹಳೆ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಮೊದಲೇ ಪರೀಕ್ಷಿಸಿ. ತೆರೆದ ಜಾಗದಲ್ಲಿ ಹೊಡೆಯುವಾಗ ಬಟ್ಟೆ ಕಟ್ಟಿಕೊಳ್ಳುವುದು, ಸಾಮಾನ್ಯ ಮಾಸ್ಕ್ ಹಾಕುವುದು ಸಾಲದು. ಹೊರಗಿನಿಂದ ಶುದ್ಧ ಗಾಳಿ ಬರುವ ಬ್ಲಾಸ್ಟಿಂಗ್ ಹೆಲ್ಮೆಟ್ ಬೇಕು. ಉಪಕರಣದ ಬಜೆಟ್‌ನಲ್ಲಿ ಇದನ್ನು ಮೊದಲ ಸಾಲಿಗೆ ಬರೆದುಕೊಳ್ಳಿ.

ತೆಳು ತಗಡು ಸೊಟ್ಟಗಾಗುವುದು ಬಿಸಿಯಿಂದ ಎಂದು ಹಲವರು ತಿಳಿದಿದ್ದಾರೆ. ಕಣಗಳು ಒಂದೇ ಬದಿಯನ್ನು ಸಾವಿರಾರು ಸಣ್ಣ ಸುತ್ತಿಗೆಗಳಂತೆ ಬಡಿದು ಹಿಗ್ಗಿಸುವುದೇ ಹೆಚ್ಚಿನ ಕಾರಣ. ಬೈಕಿನ ಪೆಟ್ರೋಲ್ ಟ್ಯಾಂಕು, ತಗಡಿನ ಬಾಗಿಲುಗಳಿಗೆ 40 ಪಿಎಸ್ಐ ಸುತ್ತ ಇಳಿಸಿ, ಸಣ್ಣ ಗ್ರಿಟ್ ಹಾಕಿ, ನಾಜಲನ್ನು ಓರೆಯಾಗಿ ಹಿಡಿದು ಸರಿಸುತ್ತಲೇ ಇರಿ.

ಹೊಡೆಯುವ ಮೊದಲು ಎಣ್ಣೆ, ಗ್ರೀಸ್ ತೊಳೆದಿರಬೇಕು. ಇಲ್ಲದಿದ್ದರೆ ಜಿಡ್ಡು ಗ್ರಿಟ್ಟಿಗೆ ಹತ್ತಿ, ಅದನ್ನು ಮತ್ತೆ ಬಳಸಿದಾಗ ಎಲ್ಲ ಸಾಮಾನಿಗೂ ಮೆತ್ತುತ್ತದೆ. ಬೇರಿಂಗ್ ಬಿಚ್ಚಿಡಿ, ಥ್ರೆಡ್‌ಗಳಿಗೆ ರಬ್ಬರ್ ಬಿರಡೆ ಹಾಕಿ. ಕೆಲಸ ಮುಗಿದಾಗ ಬೂದು ಬಣ್ಣದ ಬೆತ್ತಲೆ ಲೋಹವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳ ಗುರುತಿನಲ್ಲೇ ತುಕ್ಕು ಏಳುತ್ತದೆ. ಒಣ ಗಾಳಿಯಿಂದ ಧೂಳು ಊದಿ, ಅಂದೇ ಕೆಲವು ಗಂಟೆಗಳೊಳಗೆ ಪ್ರೈಮರ್ ಹೊಡೆಯಿರಿ. ತೇವದ ದಿನವಾದರೆ ಒಂದು ಸಲಕ್ಕೆ ಪ್ರೈಮರ್ ಹೊಡೆದು ಮುಗಿಸಬಹುದಾದಷ್ಟನ್ನೇ ಬ್ಲಾಸ್ಟ್ ಮಾಡಿ.